ದ್ರೌಪದಿ ದೊಡ್ಡವ್ವ ಕಳಿಸಿದ ಮಾತು

ಅಪ್ಪಾ,

ನನ್ನವ್ವನನ್ನು ಮದುವೆಯಾಗಲು ಮೊದಲ ಹೆಂಡತಿ ದ್ರೌಪದಿ ದೊಡ್ಡವ್ವನನ್ನು ಹೊರಹಾಕಿದ ಪಾಪಕ್ಕೆಂದು ನೀನು ಸಾಯುವತನಕ ಶುಕ್ರವಾರ ಉಪವಾಸ ಮಾಡಿದೆ. "ಪಾಪ ನೇಮದಿಂದಲ್ಲ, ಕೃಪೆಯಿಂದ ಹೋಗ್ತೈತಿ ಧೂಳಪ್ಪ" ಎಂದು ಪಾದ್ರಿಗಳು ಎಷ್ಟು ಹೇಳಿದರೂ ಚರ್ಚಿನಲ್ಲಿ ಕೊಡುವ ಪ್ರಭುಭೋಜನದ ರೊಟ್ಟಿ ಮುಟ್ಟಲಿಲ್ಲ. ಇವತ್ತು ಐಗಳಿ ಊರಿಗೆ ಹೋಗಿ ದೊಡ್ಡವ್ವನಿಗೆ ಇದನ್ನು ಹೇಳಿದೆ.

ದ್ರಾಕ್ಷಿ ಬಿಡಿಸುತ್ತಿದ್ದವಳು ಬೆರಗಾದಳು. "ನಿಮ್ಮ ಯೇಸು ಪುಕ್ಕಟ ಮಾಫ್ ಮಾಡ್ತಾನಂತೀರಿ. ಮತ್ತ ನಿಮ್ಮಪ್ಪ ಯಾಕ ಉಪಾಸ ಮಾಡಿದ? ನಾನೂ ಸಿಟ್ಟು ಬಿಟ್ಟೀನಂತ ನಿನ್ನ ಕೈಲೆ ಹೇಳಿ ಕಳಿಸಿದ್ನಲ್ಲ?"

2004ರಲ್ಲಿ, ನೀನಿನ್ನೂ ಬದುಕಿದ್ದಾಗ ಹೇಳಿದ್ದಳು. ನನ್ನವ್ವ ನೊಂದಾಳೆಂದು ಆ ಮಾತನ್ನು ನಾನು ನಿನಗೆ ಮುಟ್ಟಿಸಿರಲಿಲ್ಲ. ಇವತ್ತು ದೊಡ್ಡವ್ವನೆದುರು ಅದನ್ನು ಒಪ್ಪಿಕೊಂಡೆ.

ದೊಡ್ಡವ್ವ ದ್ರಾಕ್ಷಿಯನ್ನು ಬದಿಗಿಟ್ಟಳು. "ಬಿಸಲಾಗ ಬಂದೀ. ಮೊದಲ ಉಣ್ಣು" ಎಂದು ಬುತ್ತಿ ಬಿಚ್ಚಿದಳು.

ಯಾಕೆ ಬೈಯಲಿಲ್ಲ? ನನಗಿನ್ನೂ ತಿಳಿಯುತ್ತಿಲ್ಲ ಅಪ್ಪಾ. ಆದರೂ ನಿನ್ನ ಹಾಗೆ ಉಪವಾಸವಿರದೆ ಹೊಟ್ಟೆ ತುಂಬ ಉಂಡೆ.

ನಿನ್ನ ಕಾಂಚನ