‘ಆ’ ಎಂಬ ಊಟ

ಗುಬ್ಬಿಯ ಅಮ್ಮನಿಗೆ,

ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ನಿನ್ನ ಮಗಳು ಸಿಹಿಗುಂಬಳ, ಬೇಳೆ, ಮೊಟ್ಟೆ ಎಲ್ಲ ತಿನ್ನುತ್ತಾಳೆ. ನೀನು ಹೇಳಿದಂತೆ ನುಣ್ಣಗೆ ಕಿವುಚಿ ಕೊಡುತ್ತೇನೆ. ಉಪ್ಪು, ಸಕ್ಕರೆ ಸೋಕಿಸಿಲ್ಲ. ಒಂದೇ ತಕರಾರು, ನಾನು ‘ಆ’ ಎಂದು ಬಾಯಿ ತೆರೆಯದಿದ್ದರೆ ಅವಳೂ ತೆರೆಯುವುದಿಲ್ಲ. ಊಟದ ಹೆಸರೇ ‘ಆ’ ಎಂದುಕೊಂಡಿದ್ದಾಳೆ. ನನಗೂ ಅದೇ ಚಾಳಿ ಅಂಟಿದೆ. ನಿನ್ನೆ ಅಂಗಡಿಯಲ್ಲಿ ಗಿರಾಕಿಯೊಬ್ಬರ ಕುತ್ತಿಗೆಯ ಅಳತೆ ತೆಗೆಯುವಾಗ ಬಾಯಿ ತೆರೆದೇ ನಿಂತಿದ್ದೆ. “ಏನ್ರೀ ಟೈಲರ್, ನನ್ನ ನುಂಗ್ತೀರೇನು?” ಎಂದರು.

ಸಂಜೆ ನಿನ್ನಕ್ಕ ಆಸ್ಪತ್ರೆಯಿಂದ ಬಂದು, ನೀನು ಮುಟ್ಟದ ಊಟದ ಡಬ್ಬಿಯನ್ನು ಮೇಜಿನ ಮೇಲಿಟ್ಟರು. 

ಇವತ್ತು ಮಧ್ಯಾಹ್ನ ಪರದೆ ಉಬ್ಬಿದಾಗಲೆಲ್ಲ ಬಿಸಿಲು ನಿನ್ನ ಕುರ್ಚಿಯ ಮೇಲೆ ಬಂದು ಕೂತು, ಮತ್ತೆ ಎದ್ದು ಹೋಗುತ್ತಿತ್ತು. ಅದನ್ನೇ ನೋಡುತ್ತ ತೂಕಡಿಸಿದೆನೋ ಏನೋ. ಕಣ್ಣು ಬಿಟ್ಟರೆ ಗುಬ್ಬಿ ನನ್ನ ಕೈಯ ಚಮಚ ಕಿತ್ತುಕೊಂಡು, ಬಿಸಿಲು ಕೂತ ಕುರ್ಚಿಯತ್ತ ಚಾಚಿ ‘ಆ’ ಎನ್ನುತ್ತಿದ್ದಳು. ಬಿಸಿಲು ಹೋದರೂ ಕೈ ಇಳಿಸಲಿಲ್ಲ.

ನಾಳೆ ಸಿಹಿಗುಂಬಳವನ್ನೇ ಕಳಿಸುತ್ತೇನೆ. ಅಕ್ಕ ಡಬ್ಬಿ ಬಿಚ್ಚಿದಾಗ ಒಂದು ತುತ್ತಿಗಾದರೂ ಬಾಯಿ ತೆರೆ. ಅದೇ ಹೊತ್ತಿಗೆ ಇಲ್ಲಿ ನಾವಿಬ್ಬರೂ ‘ಆ’ ಎನ್ನುತ್ತಿರುತ್ತೇವೆ.

ಇಂತಿ,
ಚಮಚ ಹಿಡಿದ ಗುಬ್ಬಿ ಮತ್ತು ಅವಳ ಅಪ್ಪ