ಮುಟ್ಟದ ಭಂಡಾರ

೧೪ ಮಾರ್ಚ್ ೧೯೮೩, ರಾಯಚೂರು

ಕರಿಕೋಟಿನ ತೋಳಿಗೆ ಹತ್ತಿದ ಅರಿಶಿನ ಹೋಗುತ್ತಿಲ್ಲ.

ದೇವದುರ್ಗದ ಕೊಲೆ ಮೊಕದ್ದಮೆಗೆ ಇವತ್ತೂ ಕೋರ್ಟಿನ ಕಿಟಕಿಗಳವರೆಗೆ ಜನ. ಕಟಕಟೆಯಲ್ಲಿ ನನ್ನ ಬಾಲ್ಯದ ಗೆಳೆಯ ಮಾಳಿಂಗಪ್ಪ; ಅವನ ವಕೀಲ ನಾನು. ಸೋತರೆ ಅವನಿಗೆ ನೇಣು. ಸತ್ತ ದುರುಗಪ್ಪನ ಹೆಂಡತಿ ಬೂದೆಮ್ಮ, ಮಾಳಿಂಗಪ್ಪ ಕಡಿದದ್ದನ್ನು ಕಣ್ಣಾರೆ ಕಂಡೆ ಎಂದಿದ್ದಳು. ಪಾಟೀಸವಾಲಿನಲ್ಲಿ ನಾನು ಸಾಕ್ಷ್ಯವಾಗಿ ಇಟ್ಟಿದ್ದ ಕೊಲೆಯ ಕೊಡಲಿಯನ್ನು ಎತ್ತಿಕೊಂಡೆ. 'ಹೀಗೆ ಹೊಡೆದನೋ, ಹೀಗೋ?' ಎಂದು ಅವಳೆದುರು ಬೀಸಿದೆ. ಅವಳು ತಲೆ ಮುಚ್ಚಿಕೊಂಡು ಕುಸಿದಳು.

'ಗೊತ್ತಿಲ್ರೀ ಯಪ್ಪಾ, ಬರೇ ರಕ್ತ ಕಂಡೀನಿ.'

ಅದು ದಾಖಲಾಯಿತು. ಗೆದ್ದಂತೆಯೇ. ಕೊಡಲಿಯ ಹಿಡಿ ಅಂಗೈಗೆ ಹಿತವಾಗಿತ್ತು.

ಹೊರಗೆ ಪೊಲೀಸರು ಮಾಳಿಂಗಪ್ಪನನ್ನು ವ್ಯಾನಿಗೆ ಒಯ್ಯುವಾಗ ಬೂದೆಮ್ಮ ಅಡ್ಡ ಬಂದು, ಸೆರಗಿನ ಗಂಟು ಬಿಚ್ಚಿ, ಕುಲದೇವರು ಬೀರಪ್ಪನ ಭಂಡಾರವನ್ನು ಅಂಗೈಯಲ್ಲಿ ಚಾಚಿದಳು. ಇಬ್ಬರೂ ಕುರಿಗಾರರ ಮನೆಯವರು. ಆ ಅರಿಶಿನ ಪುಡಿ ಮುಟ್ಟಿ ಅವರಲ್ಲಿ ಯಾರೂ ಸುಳ್ಳು ಹೇಳುವುದಿಲ್ಲ.

'ಮುಟ್ಟಿ ಹೇಳಲೇ ಮಾಳ್ಯಾ, ನನ್ನ ಗಂಡನ್ನ ನೀ ಕಡಿದಿಲ್ಲಂತ.'

'ಕೈಗೆ ಬೇಡಿ ಹಾಕ್ಯಾರಬೇ,' ಎಂದು ನಕ್ಕ. ಬೇಡಿಯ ಕೈಗಳನ್ನು ಹೊಟ್ಟೆಗೆ ಒತ್ತಿಕೊಂಡು ಹಿಂದೆ ಸರಿದ.

ಅವಳು ನನ್ನತ್ತ ತಿರುಗಿದಳು. 'ಹಂಗಾರ ನೀವರ ಮುಟ್ಟಿ ಹೇಳ್ರಿ, ವಕೀಲ್ರ.'

ನನಗೆ ಬೇಡಿ ಇರಲಿಲ್ಲ. ಕೈಗಳು ತಾವಾಗಿಯೇ ಜೇಬು ಸೇರಿದವು. ಅವಳು ಮುಷ್ಟಿ ಭಂಡಾರವನ್ನು ನನ್ನ ತೋಳಿಗೆ ಎರಚಿ ಕಾಲ ಬಳಿ ಉಗುಳಿದಳು.

'ನಾಳಿ ಚಂದಾಗಿ ಮಾತಾಡಲೇ!' ವ್ಯಾನಿನ ಒಳಗಿನಿಂದ ಅವನು ಕೂಗಿದ.

ನಾಳೆ ಅಂತಿಮ ವಾದ. ಇರುವುದು ಇದೊಂದೇ ಕೋಟು. ನೀರು ಹಚ್ಚಿ ತಿಕ್ಕಿದಷ್ಟೂ ಹಳದಿ ಹರಡುತ್ತಿದೆ. ವಾದಕ್ಕೆ ನಿಂತಾಗ ಈ ಕೈಯನ್ನು ಎಲ್ಲಿ ಬಚ್ಚಿಡಲಿ?