ಥಾರ್ನ್‌ಬೆಕ್‌ನಲ್ಲಿ ಹತ್ತಿದವನು

ಜನವರಿ 12, ಶುಕ್ರವಾರ. ಬೆಳಿಗ್ಗೆ, ರೈಲಿನಲ್ಲೇ.

ಸ್ವಸ್ತಿಶ್ರೀ ಸಮಸ್ತ ಶೂನ್ಯಾಸನ ಶೋಭಿತರೇ, ನೀಲಿ ಮೆತ್ತೆಗಳ ಮಹಾಜನಗಳೇ, ಮುರಿದ ಕೈಹಿಡಿಗಳ ಸಾಮಂತ ಮಾಂಡಲಿಕರೇ, ಘನತೆವೆತ್ತ ಕಸದ ಡಬ್ಬಿಯವರೇ! ರಾಣಿಯವರ ಸರ್ಕಾರದ ಪ್ರಯಾಣಿಕ ರೈಲು ಉಸ್ತುವಾರಿ ಕಚೇರಿಯ ಅತಿ ಕಿರಿಯ, ಅತಿ ಹಸಿದ ನೌಕರಳಾದ ನೆಲ್ ಆಕ್ರಾಯ್ಡ್ ಎಂಬ ನಾನು, ಎಡಗೈಯಲ್ಲಿ ಫ್ಲಾಸ್ಕನ್ನೂ ಬಲಗೈಯಲ್ಲಿ ಎಣಿಕೆಯ ಹಾಳೆಯನ್ನೂ ಧರಿಸಿ, ತಮ್ಮ ದಿವ್ಯ ಸನ್ನಿಧಾನದಲ್ಲಿ ಬಿನ್ನವಿಸಿಕೊಳ್ಳುವುದೇನೆಂದರೆ — ಇವತ್ತೂ ಯಾರೂ ಬಂದಿಲ್ಲ.

ಸಭೆ ಬರಖಾಸ್ತು. ಚಹಾ ಕುಡಿಯುತ್ತಿದ್ದೇನೆ.

ಅಮ್ಮ ಪಕ್ಕದ ಮನೆಯವರ ಮುಂದೆ ಇದನ್ನು 'ಸರ್ಕಾರಿ ತಪಾಸಣೆ' ಎನ್ನುತ್ತಾಳೆ. ತಪಾಸಣೆ ಇಷ್ಟೇ: ಈ ಭಾಗದ ರೈಲುಗಳನ್ನೆಲ್ಲ ಸರ್ಕಾರ ಒಂದು ಕಂಪನಿಗೆ ಗುತ್ತಿಗೆ ಕೊಟ್ಟಿದೆ. ಸ್ಕಾರ್‌ಡೇಲ್ ಜಂಕ್ಷನ್ನಿನಿಂದ ಬೆಟ್ಟದಾಚೆಗೆ ಹೋಗುವ ಈ ಹಳಿ ಕಂಪನಿಗೆ ಬೇಡ. ಆದರೆ ಮುಚ್ಚಬೇಕಾದರೆ ಊರೂರಿಗೆ ನೋಟಿಸು, ಅಹವಾಲು ಸಭೆ, ವಕೀಲರು, ಮಂತ್ರಿಯ ಸಹಿ... ವರ್ಷಗಟ್ಟಲೆ ತಲೆನೋವು. ಅದರ ಬದಲು ವಾರಕ್ಕೊಂದು ರೈಲು ಓಡಿಸಿಬಿಟ್ಟರೆ ಹಳಿ ಬದುಕಿದೆ ಎಂದೇ ಲೆಕ್ಕ. ಹಾಗಾಗಿ ಶುಕ್ರವಾರ ಬೆಳಿಗ್ಗೆ ಎರಡು ಡಬ್ಬಿ, ಒಂದೇ ದಿಕ್ಕಿಗೆ. ಹೋದವರು ಬಸ್ಸಿನಲ್ಲಿ ವಾಪಸು ಬರಬೇಕು. ಜನ ಇದಕ್ಕೆ ದೆವ್ವದ ರೈಲು ಎಂದು ಹೆಸರಿಟ್ಟಿದ್ದಾರೆ. ಕಂಪನಿ ಇದನ್ನು ನಿಜಕ್ಕೂ ಓಡಿಸಿತೇ, ಓಡಿಸಿದರೆ ಯಾರು ಹತ್ತಿದರು ಎಂದು ನೋಡಲು ನಾನು. ಬೇಸಿಗೆಗೆ ಗುತ್ತಿಗೆ ಮುಗಿಯುತ್ತದೆ. ಹೊಸ ಗುತ್ತಿಗೆಯಲ್ಲಿ ಈ ರೈಲು ಇರಬೇಕೋ ಬೇಡವೋ — ನನ್ನ ಸೊನ್ನೆಗಳೇ ಸಾಕ್ಷಿ.

ಗಾರ್ಡ್ ಹೆಡ್ಲಿ ಒಳ್ಳೆಯ ಮುದುಕ. ಥಾರ್ನ್‌ಬೆಕ್ ಸ್ಟೇಷನ್ನಿನಲ್ಲಿ ಬಾಗಿಲು ತೆಗೆದ. ಪ್ಲಾಟ್‌ಫಾರ್ಮಿನ ಮೇಲೆ ಮಂಜು, ಬೇಲಿಯಾಚೆ ಒಂದು ಕುರಿ. ಅಷ್ಟಕ್ಕೇ ತಲೆ ಹೊರಗೆ ಹಾಕಿ ಕೂಗಿದ: "ಹತ್ತೋರು ಹತ್ಕೊಳ್ಳಿ! ಬಾಗಿಲು ಹಾಕ್ತೀನಿ!"

"ಯಾರನ್ನ ಕರೀತಿದೀರಿ? ಆ ಕುರೀನಾ?"

"ಕುರಿ ಹತ್ತಿದ್ರೆ ಅದನ್ನೂ ಬರ್ಕೊಳ್ತೀಯಾ?"

"ಗಂಡೋ ಹೆಣ್ಣೋ ಕೇಳಿ ಬರ್ಕೊಳ್ತೀನಿ."

ನಗಲಿಲ್ಲ. "ಕರೀದೆ ಬಾಗಿಲು ಹಾಕಿದ್ರೆ ಯಾರನ್ನೋ ಬಿಟ್ಟು ಬಂದ ಹಾಗಾಗುತ್ತೆ ಕಣಮ್ಮ."

ಮತ್ತೆ ಸ್ವಲ್ಪ ಹೊತ್ತು ಕಾದ. ಆಮೇಲೆ ಬಾಗಿಲು ಹಾಕಿದ. ನನಗೆ ಯಾಕೋ ಕತ್ತಿನ ಹಿಂದೆ ಚಳಿ. ಕಿಟಕಿ ಸರಿಯಾಗಿ ಮುಚ್ಚುವುದಿಲ್ಲ — ಅದನ್ನೂ ಬರೆದುಕೊಂಡೆ.

ಜನವರಿ 22, ಸೋಮವಾರ.

ಹಿಲರಿ ಕರೆದಳು. ನನ್ನ ಮೇಲಧಿಕಾರಿ. ಮೂಗಿನ ತುದಿಯಲ್ಲಿ ಕನ್ನಡಕ, ಮೇಜಿನ ಮೇಲೆ ಸತ್ತ ಗಿಡ.

"ನೆಲ್, ನಿನ್ನ ಷರಾ ಕಾಲಂ ಯಾವಾಗಲೂ ಖಾಲಿ."

"ರೈಲೂ ಖಾಲಿ. ಏನಂತ ಷರಾ ಬರೀಲಿ?"

"ಖಾಲಿ ಬಿಟ್ರೆ ನೀನು ಹೋಗೇ ಇಲ್ಲ ಅಂತಾರೆ ಮೇಲಿನವರು. ಏನಾದ್ರೂ ಬರಿ. ಹವಾಮಾನ ಬರಿ. ಯಾರಾದ್ರೂ ಹತ್ತಿದ್ರೆ ಹೇಗಿದ್ರು, ಏನು ಹೊತ್ತಿದ್ರು, ಬರಿ."

"ಅಪ್ಪಣೆ, ಮಹಾಪ್ರಭು."

"ಮತ್ತೆ ಈ ನಾಟಕದ ಮಾತು ಬೇಡ."

ಜನವರಿ 26, ಶುಕ್ರವಾರ.

ರೈಲಿನಲ್ಲಿ ನರಪಿಳ್ಳೆಯೂ ಇರಲಿಲ್ಲ. ಆದರೆ ಅಪ್ಪಣೆ ಅಪ್ಪಣೆಯೇ. ಬ್ರಹ್ಮನಿಗೆ ಮಣ್ಣು ಬೇಕಾಯಿತು. ನನಗೆ ಬಾಲ್‌ಪೆನ್ ಸಾಕಾಯಿತು. ಇಗೋ ನನ್ನ ಸೃಷ್ಟಿ, ಹಾಳೆಯಲ್ಲಿದ್ದ ಹಾಗೆಯೇ:

'ಥಾರ್ನ್‌ಬೆಕ್: ಒಬ್ಬರು ಹತ್ತಿದರು. ಪುರುಷ, ನಡುವಯಸ್ಸು. ಹಸಿರು ಕೋಟು, ಬೂದು ಟೊಪ್ಪಿ. ಎಡಗಾಲು ತುಸು ಎಳೆಯುತ್ತಾರೆ. ಕೈಯಲ್ಲಿ ಬೆತ್ತದ ಬುಟ್ಟಿ, ಒಳಗೆ ಪಾರಿವಾಳಗಳು. ಪಾರಿವಾಳಗಳಿಗೆ ಟಿಕೆಟ್ ಇತ್ತೇ ಎಂಬುದು ವಿಚಾರಣಾಧೀನ. ಸೇವೆಯ ಬಗ್ಗೆ ಪ್ರಯಾಣಿಕರು ತೃಪ್ತಿ ವ್ಯಕ್ತಪಡಿಸಿದರು, ಪಾರಿವಾಳಗಳು ತಟಸ್ಥ.'

ಬೆಟ್ಟದ ಈ ಕಡೆಯ ಗಂಡಸರು ಹೆಂಡತಿಯ ಹುಟ್ಟಿದ ದಿನ ಮರೆತರೂ ಪಾರಿವಾಳಕ್ಕೆ ಕಾಳು ಹಾಕುವುದು ಮರೆಯರು. ಯಾರಿಗೂ ಅನುಮಾನ ಬರದು. ಹಿಲರಿ ಓದಿ ಬೈಯುತ್ತಾಳೆ. ಅದಕ್ಕೇ ಬರೆದದ್ದು.

ಫೆಬ್ರವರಿ 1, ಗುರುವಾರ.

ಬೈಯಲಿಲ್ಲ! ಪಾರಿವಾಳಗಳ ಟಿಕೆಟ್ಟಿನ ತಮಾಷೆಯನ್ನು ಹೊಡೆದುಹಾಕಿ ಮಿಕ್ಕಿದ್ದನ್ನು ಮೇಲಕ್ಕೆ ಕಳಿಸಿದಳಂತೆ. ಅಲ್ಲಿಂದ ಕಂಪನಿಗೆ ಹೋಯಿತು. ಮುಂದಿನ ಗುತ್ತಿಗೆಯ ಮೇಲೆ ಕಣ್ಣಿಟ್ಟಿರುವ ಕಂಪನಿ ತಾನು ತಪ್ಪದೆ ರೈಲು ಓಡಿಸುತ್ತಿದ್ದೇನೆಂದು ತೋರಿಸಲು ಆ ಹಾಳೆಯನ್ನೇ ಪತ್ರಿಕೆಗೆ ಕೊಟ್ಟಿತು. ಇವತ್ತಿನ ಪತ್ರಿಕೆಯಲ್ಲಿ ಮೂರು ಕಾಲಂ: 'ದೆವ್ವದ ರೈಲಿಗೆ ಕೊನೆಗೂ ಪ್ರಯಾಣಿಕ'. ಟೊಪ್ಪಿ, ಕೋಟು, ಕಾಲು, ಬುಟ್ಟಿ — ಎಲ್ಲ ಇದೆ. ಯಾರೋ ಚಿತ್ರ ಬೇರೆ ಬರೆದಿದ್ದಾರೆ. ಮುಖ ಬಿಡಿಸಿಲ್ಲ, ಬೆನ್ನು ಮಾತ್ರ.

ಊಟದ ಹೊತ್ತಿನಲ್ಲಿ ನಕ್ಕು ನಕ್ಕು ಸೂಪು ಮೂಗಿಗೇರಿತು. ಆದರೂ ಆ ಬೆನ್ನು... ನಾನು ಅಂದುಕೊಂಡ ಹಾಗೇ ಇದೆ. ನಾನು ಬೆನ್ನಿನ ಬಗ್ಗೆ ಏನೂ ಬರೆದಿರಲಿಲ್ಲ.

ಫೆಬ್ರವರಿ 2, ಶುಕ್ರವಾರ.

ಹೆಡ್ಲಿಯ ಜೊತೆ ನಗಬೇಕೆಂದು ಓಡಿಬಂದೆ. ಪತ್ರಿಕೆ ತೋರಿಸಿದೆ.

"ನೋಡಿದೆ," ಅಂದ. "ಸರಿಯಾಗೇ ಬರ್ದಿದಾರೆ. ಕೋಟು ಮಾತ್ರ ಅಷ್ಟು ಹಸಿರಿರಲಿಲ್ಲ."

"ಎಲಾ! ನೀವೂ ಶುರು ಹಚ್ಕೊಂಡ್ರಾ?"

"ಏನು ಶುರು?"

ಎಂಥ ನಟ! ಕಣ್ಣು ಕೂಡ ಮಿಟುಕಿಸಲಿಲ್ಲ. ಈ ರೈಲು ನಿಂತರೆ ಅವನನ್ನು ಮನೆಗೆ ಕಳಿಸುತ್ತಾರೆ. ಒಬ್ಬ ಪ್ರಯಾಣಿಕನಿದ್ದರೆ ಅವನಿಗೂ ಒಳ್ಳೆಯದೇ. ಮನಸ್ಸಿನಲ್ಲೇ ಟೊಪ್ಪಿ ತೆಗೆದೆ.

ಥಾರ್ನ್‌ಬೆಕ್‌ನಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಕೆಂಪು ಸ್ಕಾರ್ಫು. ಹತ್ತಲಿಲ್ಲ. ಒಂದೊಂದೇ ಕಿಟಕಿಗೆ ಬಂದು ಒಳಗೆ ನೋಡಿದಳು. ನನ್ನ ಕಿಟಕಿಗೂ ಬಂದಳು. ನನ್ನನ್ನು ನೋಡಿದಳು — ಅಥವಾ ನನ್ನನ್ನು ದಾಟಿ ನನ್ನ ಹಿಂದಿನ ಸೀಟನ್ನು. ನಾನೂ ತಿರುಗಿ ನೋಡಿದೆ.

ಫೆಬ್ರವರಿ 9, ಶುಕ್ರವಾರ. ವಾಪಸು ಬಸ್ಸಿನಲ್ಲಿ.

ಇವತ್ತು ಹತ್ತಿದಳು. ನೇರವಾಗಿ ಬಂದು ಎದುರು ಕೂತಳು.

"ಎಣಿಸೋ ಹುಡುಗಿ ನೀನೇ ತಾನೆ?"

"ಹೌದು. ನೀವು ಒಂದು. ಅಭಿನಂದನೆಗಳು."

"ನಾನು ಮ್ಯಾವಿಸ್ ಸಗ್ಡನ್. ಅವನು ಹೇಗಿದ್ದ?"

ಯಾರು ಎಂದು ಕೇಳಲಿಲ್ಲ. ಅವರೇ ಹೇಳುತ್ತ ಹೋದರು. ಗಂಡ ಕ್ಲಿಫ್. ಪಾರಿವಾಳದ ಪಂದ್ಯದ ಹುಚ್ಚು. ಏಳು ವರ್ಷದ ಹಿಂದೆ ಒಂದು ಶುಕ್ರವಾರ, ಹಕ್ಕಿಗಳನ್ನು ದೂರ ಒಯ್ದು ಹಾರಿಬಿಡಲು ಇದೇ ರೈಲು ಹತ್ತಿದ. ಹಸಿರು ಕೋಟು. ಕ್ವಾರಿಯಲ್ಲಿ ಕಲ್ಲು ಬಿದ್ದು ಎಡಗಾಲು ಊನ.

"ಮಧ್ಯಾಹ್ನದ ಹೊತ್ತಿಗೆ ಹಕ್ಕಿ ಎಲ್ಲ ಮನೆಗೆ ಬಂದ್ವು ಕಣೇ. ಒಂದೂ ತಪ್ಪಲಿಲ್ಲ. ಗೂಡಿನ ಮೇಲೆ ಕೂತು ಬಾಗಿಲು ತೆಗಿ, ಬಾಗಿಲು ತೆಗಿ ಅಂತ ಒಂದೇ ಗಲಾಟೆ. ತೆಗೆಯೋನು ಮಾತ್ರ ಬರಲಿಲ್ಲ."

ಪೊಲೀಸರು ಬೆಟ್ಟ ಹುಡುಕಿದರು, ಕೆರೆ ಹುಡುಕಿದರು. ಏಳು ವರ್ಷ ಕಳೆದರೆ ಸತ್ತನೆಂದೇ ತೀರ್ಮಾನಿಸಿ ಎಂದು ಕೋರ್ಟನ್ನು ಕೇಳಬಹುದಂತೆ. ಕೇಳಿದ್ದರು. ಮಾರ್ಚಿನಲ್ಲಿ ವಿಚಾರಣೆ ಇತ್ತು. ಅದಾದ ಮೇಲೆ ಕೆನ್ ಎಂಬಾತನನ್ನು ಮದುವೆಯಾಗಿ ಸಮುದ್ರದ ದಂಡೆಯ ಅವನ ಮೀನಂಗಡಿಗೆ ಹೋಗುವುದಿತ್ತು.

"ಎಲ್ಲ ಬೇಡ ಅಂತ ಬಿಟ್ಟೆ," ಅಂದರು. "ಅರ್ಜಿ ವಾಪಸ್ ತಗೊಂಡೆ. ಕೆನ್‌ಗೂ ಬೇಡ ಅಂದೆ. ಪಾಪ, ಹೊಸ ಸ್ಟವ್ ತಂದಿಟ್ಟಿದ್ದ. ಏನ್ಮಾಡ್ಲಿ, ಬದುಕಿರೋನನ್ನ ಸತ್ತ ಅಂತ ಬರ್ಸಿಕೊಡೋಕಾಗುತ್ತಾ? ಊರವರು ಏನಾದ್ರೂ ಅಂದಿದ್ರೆ ನಂಬ್ತಿರಲಿಲ್ಲ. ಸರ್ಕಾರದವರೇ ಕಣ್ಣಾರೆ ನೋಡಿ ಬರ್ದಿದಾರೆ."

ಸರ್ಕಾರದವರು ಕಿಟಕಿಯಾಚೆ ನೋಡುತ್ತಿದ್ದರು. ಸರ್ಕಾರದವರ ಹಲ್ಲು ಕಟಕಟ ಎನ್ನುತ್ತಿತ್ತು.

"ಬೆನ್ನು ಮಾತ್ರ ಕಾಣಿಸ್ತು," ಅಂದುಬಿಟ್ಟೆ.

ಯಾಕೆ ಅಂದೆ?

ಫೆಬ್ರವರಿ 13, ಮಂಗಳವಾರ.

ಆಫೀಸಿನ ಗೋಡೆಯೊಳಗಿನ ಪೈಪು ಗುಟುರು ಹಾಕುತ್ತಿದೆ. ಗುಟುರ್... ಗುಟುರ್... ಬಿಸಿನೀರು ಎಂದಳು ಹಿಲರಿ. ಬಿಸಿನೀರೇ ಇರಬೇಕು.

ಅಮ್ಮ ಪ್ಯಾನ್‌ಕೇಕ್ ಮಾಡಿದ್ದಳು. ತಿನ್ನಲಾಗಲಿಲ್ಲ. "ಯಾವನೋ ಕೈಕೊಟ್ಟನಾ?" ಎಂದು ಕೇಳಿದಳು. ಹೌದು ಅಂದೆ. ಹಸಿರು ಕೋಟಿನವನು.

ಫೆಬ್ರವರಿ 27, ಮಂಗಳವಾರ.

ಎರಡು ಶುಕ್ರವಾರ ಜ್ವರ ಎಂದು ಮಲಗಿದೆ. ಜ್ವರ ಇರಲಿಲ್ಲ. ನನ್ನ ಬದಲು ಹೋದವನ ಹಾಳೆಯಲ್ಲಿ ಎರಡು ಸಲವೂ ಒಂದೇ ಹೆಸರು: ಸಗ್ಡನ್, ಮ್ಯಾವಿಸ್. ಷರಾ: 'ಕಿಟಕಿಯ ಪಕ್ಕ ಕೂತು ಎದುರಿನ ಸೀಟಿಗೆ ಯಾರನ್ನೂ ಕೂರಗೊಡುವುದಿಲ್ಲ.'

ಹಿಲರಿಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಅವನನ್ನು ನಾನೇ ಕಟ್ಟಿದ್ದು ಎಂದೆ. ಅವಳು ಸತ್ತ ಗಿಡದ ಎಲೆಯೊಂದನ್ನು ಕಿತ್ತಳು.

"ಅಂದ್ರೆ... ನೀನು ರೈಲಲ್ಲಿದ್ದೆ. ಯಾರೂ ಇರಲಿಲ್ಲ. ಆದ್ರೂ ಒಬ್ಬ ಇದ್ದ ಅಂತ ಬರ್ದೆ. ಅಷ್ಟೇನಾ?"

"ಅಷ್ಟೇ."

"ನಿನ್ನ ಕೆಲಸದ ಮಾತು ಆಮೇಲೆ ನೋಡೋಣ. ನಾನು ಮೇಲಿನವರಿಗೆ ತಿದ್ದುಪಡಿ ಕಳಿಸ್ತೀನಿ. ಅದು ಪತ್ರಿಕೆಗೆ ಹೋಗೇ ಹೋಗುತ್ತೆ. ಅದಕ್ಕೆ ಮೊದಲು ಆಯಮ್ಮನಿಗೆ ನೀನೇ ಹೇಳು. ಫೋನಲ್ಲಲ್ಲ. ಎದುರಿಗೆ ಕೂತು. ಅಷ್ಟಾದ್ರೂ ಮಾಡು."

ಬೈದಿದ್ದರೆ ಚೆನ್ನಾಗಿತ್ತು.

ಮಾರ್ಚ್ 2, ಶುಕ್ರವಾರ. ಕೊನೆಯ ಸ್ಟೇಷನ್ನು, ಬಸ್ಸಿಗೆ ಕಾಯುತ್ತ.

ಹಿಮ. ರೈಲು ತೆವಳಿಕೊಂಡು ಬಂತು.

ಮೊದಲು ಹೆಡ್ಲಿಯನ್ನು ಹಿಡಿದೆ. ನಾನು ಆಡಿದ ಆಟ, ನೀವು ಅದಕ್ಕೆ ತಾಳ ಹಾಕಿದ್ದು, ಇನ್ನು ಸಾಕು ಎಂದೆ. ಟೊಪ್ಪಿ ತೆಗೆದು ಮಡಿಲಲ್ಲಿಟ್ಟುಕೊಂಡ.

"ನಾನ್ಯಾಕಮ್ಮ ತಾಳ ಹಾಕ್ಲಿ? ಥಾರ್ನ್‌ಬೆಕ್‌ನಲ್ಲಿ ಕೂಗಿದೆ. ಹತ್ತಿದ. ಹಿಂದಿನ ಡಬ್ಬೀಗೆ ಹೋದ. ತಲೆ ಎತ್ತಲಿಲ್ಲ. ಟಿಕೆಟ್ ಕೇಳೋಣ ಅಂತ ಹೋಗೋಷ್ಟರಲ್ಲಿ ಮುಂದಿನ ಸ್ಟೇಷನ್ನಲ್ಲಿ ಇಳಿದುಬಿಟ್ಟಿದ್ದ."

"ಬುಟ್ಟಿ?"

"ಇತ್ತು ಅಂತ ನೆನಪು. ಪೇಪರ್ ಓದಿದ ಮೇಲೆ ಇನ್ನೂ ಚೆನ್ನಾಗಿ ನೆನಪಾಯ್ತು." ಆಮೇಲೆ, ತಪ್ಪು ಹುಡುಕುವವನಂತಲ್ಲ, ಸುಮ್ಮನೆ: "ನಂಗೆ ಆವತ್ತು ಕಾಣದೇ ಇದ್ದೋಳು ನೀನು."

ಥಾರ್ನ್‌ಬೆಕ್ ಬಂತು. ಹೆಡ್ಲಿ ಹಿಮದೊಳಕ್ಕೆ ಕೂಗಿದ. ಮ್ಯಾವಿಸ್ ಹತ್ತಿದರು.

ಹೇಳಿದೆ. ಎಲ್ಲ ಹೇಳಿದೆ — ಷರಾ, ಬಾಲ್‌ಪೆನ್, ತಮಾಷೆ. ಹೊಡೆಯುತ್ತಾರೆ ಅಂದುಕೊಂಡೆ. ಹೊಡೆಯಲಿಲ್ಲ. ಸ್ಕಾರ್ಫು ಬಿಚ್ಚಿ ಮತ್ತೆ ಕಟ್ಟಿಕೊಂಡರು. ಕೊನೆಯ ಸ್ಟೇಷನ್ನಿನಲ್ಲಿ ಇಳಿದು ಈ ಬೆಂಚಿನ ಮೇಲೆ ಕೂತ ಮೇಲೆ ಕೇಳಿದರು:

"ಹೆಡ್ಲಿ ನೋಡಿದೀನಿ ಅಂತಾನೆ."

"ಪೇಪರ್ ಓದಿ ಹಾಗನ್ಸಿರಬೇಕು."

"ಇರಬಹುದು. ಅವನಿಗೂ ವಯಸ್ಸಾಯ್ತು. ನೋಡು ಮಗಳೇ, ನಂಗೆ ಕೋಪ ಇಲ್ಲ. ಕೋಪಕ್ಕೆ ಆಮೇಲೆ ಬಿಡುವು ಮಾಡ್ಕೊಳ್ತೀನಿ. ಒಂದೇ ಒಂದು ಮಾತು ಬೇಕು. ಈ ಏಳು ವರ್ಷದಲ್ಲಿ ಎಲ್ಲರೂ 'ಇರಲಾರ', 'ಇದ್ದಿದ್ರೆ ಬರ್ತಿದ್ದ' ಅಂತ್ಲೇ ಹೇಳಿದ್ದು. ಇಲ್ಲ ಅಂತ ನೋಡಿ ಹೇಳಿದೋರು ಒಬ್ಬರೂ ಇಲ್ಲ. ನೀನು ಆ ರೈಲಲ್ಲೇ ಇದ್ದೆಯಲ್ಲ. ಎರಡೂ ಡಬ್ಬಿ ನೋಡಿದೆ. ಯಾರೂ ಇರಲಿಲ್ಲ, ನನ್ನ ಕಣ್ಣಾರೆ ನೋಡಿದೀನಿ — ಅಂತ ಹೇಳಿಬಿಡು. ಇವತ್ತೇ ಕೆನ್‌ಗೆ ಫೋನ್ ಮಾಡ್ತೀನಿ."

ಅಷ್ಟು ಹೇಳಿ ಚಹಾ ತರಲು ಎದುರಿನ ಅಂಗಡಿಗೆ ಹೋಗಿದ್ದಾರೆ. ಗಾಜಿನಾಚೆ ಕೆಂಪು ಸ್ಕಾರ್ಫು ಕಾಣುತ್ತಿದೆ. ಎರಡು ಕಪ್ಪು ಹಿಡಿದಿದ್ದಾರೆ. ಬಾಗಿಲನ್ನು ಭುಜದಿಂದ ತಳ್ಳುತ್ತಿದ್ದಾರೆ.

ಹೇಳಬೇಕಾದ್ದು ಒಂದೇ ವಾಕ್ಯ. ಹೇಳಿದರೆ ಅವರು ಬಿಡುಗಡೆ.

ಆದರೆ ಜನವರಿ 26ರ ಆ ಶುಕ್ರವಾರ ನಾನು ತಡವಾಗಿ ಎದ್ದಿದ್ದೆ. ಜಂಕ್ಷನ್ ತಲುಪುವಾಗ ರೈಲು ಹೊರಟುಹೋಗಿತ್ತು. ಸ್ಟೇಷನ್ನಿನ ಟೀ ಅಂಗಡಿಯಲ್ಲಿ ಬೇಕನ್ ಸ್ಯಾಂಡ್‌ವಿಚ್ ತಿನ್ನುತ್ತ ಕೂತು ಬರೆದೆ. ಒಬ್ಬನನ್ನು ಮಾತ್ರವಲ್ಲ, ನರಪಿಳ್ಳೆಯೂ ಇರಲಿಲ್ಲ ಎಂಬುದನ್ನೂ ನಾನೇ ಕಟ್ಟಿದ್ದು. ಹಿಲರಿಗೂ ಹೇಳಲಿಲ್ಲ. ಈ ಪುಸ್ತಕಕ್ಕೂ ಹೇಳಿರಲಿಲ್ಲ. ಹಾಗಾಗಿ ಆವತ್ತು ಥಾರ್ನ್‌ಬೆಕ್‌ನಲ್ಲಿ ಯಾರು ಹತ್ತಿದರು, ಯಾರು ಹತ್ತಲಿಲ್ಲ ಎಂದು ನನಗೆ—